ಬೆಟ್ಟದ ಹಿಂದೆ ಊರು ಕಟ್ಟಿದವರು

ನಾನು ಅವರನ್ನು ಮೊದಲ ಸಲ ಹಿಡಿದದ್ದು ಬಸ್ಸಿನಲ್ಲಿ, ಸುಳ್ಳು ಹೇಳುತ್ತಿದ್ದಾಗ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸು. ನಾವಿಬ್ಬರೂ ಗುಂಡ್ಲುಪೇಟೆಯವರು. ಇಬ್ಬರಿಗೂ ಕೆಲಸ ಚಾಮರಾಜನಗರದ ಒಂದೇ ಸರ್ಕಾರಿ ಕಚೇರಿಯಲ್ಲಿ, ಒಂದೇ ಸೆಕ್ಷನ್ನಿನಲ್ಲಿ. ನಾನು ಆಗಷ್ಟೇ ವರ್ಗವಾಗಿ ಬಂದಿದ್ದೆ. ಅವರು ನನಗಿಂತ ತುಂಬಾ ಹಿರಿಯರು. ದಪ್ಪ ಗಾಜಿನ ಕನ್ನಡಕ, ಮಣಿಕಟ್ಟಿನವರೆಗೂ ಗುಂಡಿ ಹಾಕಿದ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ಬಸ್ಸಿನಲ್ಲಿ ನಮ್ಮ ಕಚೇರಿಯವರು ಮೂರು ನಾಲ್ಕು ಜನ ಇರುತ್ತಿದ್ದೆವು. ಅವರು ಮಾತ್ರ ನಮ್ಮ ಹತ್ತಿರ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟರೂ ಬೇಡವೆಂದು ತಲೆಯಾಡಿಸಿ, ಯಾರಾದರೂ ಗುರುತಿಲ್ಲದವರ ಪಕ್ಕ ಹುಡುಕಿಕೊಂಡು ಹೋಗಿ ಕೂರುತ್ತಿದ್ದರು. ಒಂದು ದಿನ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಅವರ ಪಕ್ಕದಲ್ಲಿದ್ದವರು ಅರಿಸಿನದ ಮಂಡಿಗೆ ಹೊರಟಿದ್ದ ಒಬ್ಬ ಯಜಮಾನರು.

“ನಮ್ಮ ಮಾವನ ಮನೆ ಊರಲ್ಲಿ ಒಂದು ಹುಣಸೆಮರ ಇದೆ ಯಜಮಾನ್ರೆ. ಅದರ ಕೆಳಗೆ ಮಲಗಿದ್ರೆ ನಮ್ಮ ಕನಸು ನಮಗೆ ಬೀಳಲ್ಲ. ನಮಗಿಂತ ಮುಂಚೆ ಅಲ್ಲಿ ಯಾರು ಮಲಗಿದ್ರೋ ಅವರ ಕನಸು ಬೀಳುತ್ತೆ,” ಎನ್ನುತ್ತಿದ್ದರು.

ಯಜಮಾನರು ಸ್ವಲ್ಪ ಹೊತ್ತು ಯೋಚಿಸಿದರು. “ಎಂಗಸ್ರು ಮಲಗೆದ್ದೋಗಿದ್ರೆ?”

“ಅವರದೇ ಬೀಳುತ್ತೆ. ಅದಕ್ಕೇ ಅಲ್ಲಿ ಗಂಡಸರು ಮಲಗಕ್ಕೆ ಹೋಗಲ್ಲ.”

“ಅದೂ ಸರಿಯೆ ಬುಡಿ. ಎಲ್ಲಿ ಬತ್ತದೆ ಆ ಊರು?”

ಅವರು ನರಸೀಪುರದ ಆಚೆ ಎಂದು ಕೈ ತೋರಿಸಿದರು. ನನಗೆ ಅವರ ಮಾವನ ಮನೆ ಗೊತ್ತಿತ್ತು. ಮೈಸೂರಿನಲ್ಲಿ ನನ್ನ ಚಿಕ್ಕಮ್ಮ ಇರುವ ಬೀದಿಯಲ್ಲೇ, ಮಹಡಿಯ ಮೇಲಿನ ಎರಡು ಕೋಣೆ. ಅಲ್ಲಿ ಹುಣಸೆಮರವಿರಲಿ, ಒಂದು ತುಳಸಿ ಕುಂಡ ಇಡುವುದಕ್ಕೂ ಜಾಗವಿರಲಿಲ್ಲ.

ಅವತ್ತಿನಿಂದ ನನ್ನ ಕಿವಿ ಅವರ ಕಡೆಗೇ. ನಮ್ಮ ಕಡೆ ಗುರುತಿಲ್ಲದವರ ಪಕ್ಕ ಕೂತು ಮಾತು ಬೆಳೆಸುವವರು ಜಮೀನಿನ ದಲ್ಲಾಳಿಗಳಾಗಿರುತ್ತಾರೆ, ಇಲ್ಲವೇ ಹೆಣ್ಣು ಗಂಡು ಕೂಡಿಸುವವರಾಗಿರುತ್ತಾರೆ. ಇವರು ಎರಡೂ ಅಲ್ಲ. ಕೇಳಿದವರಿಂದ ಏನನ್ನೂ ಪಡೆಯುತ್ತಿರಲಿಲ್ಲ. ಲಾಭವಿಲ್ಲದೆ ಸುಳ್ಳು ಹೇಳುವ ಮನುಷ್ಯನನ್ನು ನಂಬುವುದು ಇನ್ನೂ ಕಷ್ಟ. ಕಚೇರಿಯಲ್ಲಿ ಅವರು ನನ್ನ ಮೇಜಿನ ಹತ್ತಿರ ಬಂದರೆ ಡ್ರಾಯರ್ ಮುಚ್ಚುತ್ತಿದ್ದೆ.

ಗುಟ್ಟು ಬಯಲಾದದ್ದು ಹಲ್ಲಿನ ಡಾಕ್ಟರ ಹತ್ತಿರ ನನ್ನ ಸರದಿಗಾಗಿ ಕಾಯುತ್ತಿದ್ದಾಗ. ಅಲ್ಲಿ ಬಿದ್ದಿದ್ದ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿ. ಯಾವುದೋ ಸೀಮೆ, ಅಲ್ಲಿ ಬೆಟ್ಟಗಳು ವರ್ಷಕ್ಕೊಮ್ಮೆ ಎದ್ದು ಜಾಗ ಬದಲಿಸುತ್ತವೆ. ಮದುವೆಯಾದ ಹೆಣ್ಣುಮಕ್ಕಳು ಪ್ರತಿ ವರ್ಷ ತವರಿನ ದಾರಿಯನ್ನು ಹೊಸದಾಗಿ ಹುಡುಕಬೇಕು. ಹಾಗೆ ಹುಡುಕುತ್ತ ಹೊರಟ ಒಬ್ಬಳು ದಣಿದು ಒಂದು ಹುಣಸೆಮರದ ಕೆಳಗೆ ಮಲಗುತ್ತಾಳೆ, ಅವಳಿಗೆ ಯಾವುದೋ ಕೊಲೆಗಾರನ ಕನಸು ಬೀಳುತ್ತದೆ. ಬರೆದವರ ಹೆಸರು ಬೇರೆ ಇತ್ತು. ಹಲ್ಲಿನ ನೋವು ಮರೆತು ಓದಿದೆ. ಪತ್ರಿಕೆಯನ್ನು ಡಾಕ್ಟರಿಗೆ ಹೇಳಿಯೇ ತಂದೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವರನ್ನು ಹುಡುಕಿಕೊಂಡು ರೆಕಾರ್ಡ್ ರೂಮಿಗೆ ಹೋದೆ. ಅವರ ಡಬ್ಬಿ ಬೆಳಿಗ್ಗೆ ಹನ್ನೊಂದಕ್ಕೇ ಖಾಲಿಯಾಗುತ್ತದೆ ಎಂದು ಎಲ್ಲರೂ ನಗುತ್ತಿದ್ದರು. ಊಟದ ಹೊತ್ತನ್ನು ಅವರು ಏನು ಮಾಡುತ್ತಾರೆಂದು ಯಾರೂ ಕೇಳಿರಲಿಲ್ಲ. ಕಬ್ಬಿಣದ ರ‍್ಯಾಕಿನ ಎದೆಯೆತ್ತರದ ಹಲಗೆಯ ಮೇಲೆ ಹಾಳೆಗಳನ್ನಿಟ್ಟುಕೊಂಡು, ನಿಂತುಕೊಂಡೇ, ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಪಕ್ಕದ ಫೈಲೊಂದನ್ನು ಎಳೆದು ಹಾಳೆಗಳ ಮೇಲೆ ಮುಚ್ಚಿ, ಅದರಲ್ಲಿದ್ದ ಸರ್ವೆ ನಂಬರುಗಳನ್ನು ಜೋರಾಗಿ ಓದತೊಡಗಿದರು. ನಾನು ಪತ್ರಿಕೆಯನ್ನು ಆ ಫೈಲಿನ ಮೇಲೆ ಇಟ್ಟೆ.

“ನಿಮ್ಮ ಮಾವನವರ ಮರ ಇಲ್ಲಿದೆ ಸಾರ್.”

ಕನ್ನಡಕ ತೆಗೆದು ಒರೆಸಿದರು. “ಯಾರಿಗೆ ಹೇಳಿದ್ದೀರಿ?”

“ಯಾರಿಗೂ ಇಲ್ಲ.”

“ಹೇಳ್ತೀರಿ,” ಅಂದರು, ಬೇಸರವೂ ಇಲ್ಲದೆ, ಮಳೆ ಬರುತ್ತದೆ ಅನ್ನುವ ಹಾಗೆ.

ಆ ವಾರವೇ ನನ್ನ ಮೇಜಿನ ಬಳಿ ಬಂದು, ಕೊಳ್ಳೇಗಾಲಕ್ಕೆ ವರ್ಗ ಕೇಳಿದ್ದೇನೆ, ಯಾರಿಗೂ ತಿಳಿಯಬಾರದು ಎಂದು ಗುಟ್ಟಾಗಿ ಹೇಳಿದರು. ನಾನು ಯಾರಿಗೂ ಹೇಳಲಿಲ್ಲ. ಸ್ವಲ್ಪ ದಿನವಾದ ಮೇಲೆ ಅವರೇ ಹೇಳಿದರು, ಅದು ಸುಳ್ಳು, ಸುದ್ದಿ ಬೇರೆ ಬಾಯಿಂದ ತಿರುಗಿ ಬರುತ್ತದೋ ಇಲ್ಲವೋ ಎಂದು ನೋಡಲು ಹೇಳಿದ್ದು, ಬರಲಿಲ್ಲ, ಆದ್ದರಿಂದ ಇನ್ನು ನನ್ನ ಹತ್ತಿರ ಮಾತಾಡಬಹುದು. ನನಗೆ ಕೋಪ ಬಂತು. ಆದರೆ ಕುತೂಹಲ ಅದಕ್ಕಿಂತ ದೊಡ್ಡದಿತ್ತು.

ಹೀಗೆ ಅವರ ಬರವಣಿಗೆಯ ರೀತಿ ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮನೆಯಲ್ಲಿ ಅವರು ಒಂದಕ್ಷರ ಬರೆಯುತ್ತಿರಲಿಲ್ಲ. ಎಲ್ಲರ ಹಾಗೆ ಟೀವಿ ನೋಡಿ ಮಲಗುತ್ತಿದ್ದರು. ಬರೆಯುವುದು ರೆಕಾರ್ಡ್ ರೂಮಿನಲ್ಲಿ, ಊಟದ ಹೊತ್ತಿನಲ್ಲಿ, ನಿಂತುಕೊಂಡು. ನಿಲ್ಲುವುದೇಕೆ ಎಂದು ಕೇಳಿದೆ. “ಕೂತರೆ ಆಫೀಸಿನ ಭಾಷೆ ಬರುತ್ತೆ ಮೇಡಂ. ‘ಸದರಿ ರಾಕ್ಷಸನು ಮೇಲ್ಕಂಡ ಗುಹೆಯಲ್ಲಿ’ ಅಂತ ಶುರುವಾಗಿಬಿಡುತ್ತೆ.” ಆ ದಿನ ಬರೆದ ಕೊನೆಯ ಹಾಳೆಯನ್ನು ಆ ದಿನವೇ ಹರಿದು ಹಾಕುತ್ತಿದ್ದರು. ಮಾರನೆಯ ದಿನ ಅದರಲ್ಲಿ ನೆನಪಿರುವಷ್ಟನ್ನು ಮತ್ತೆ ಬರೆದು ಮುಂದೆ ಹೋಗುತ್ತಿದ್ದರು. ಮರೆತದ್ದು ಮರೆಯಬೇಕಾದದ್ದೇ ಎಂಬುದು ಅವರ ಲೆಕ್ಕ. ಪತ್ರಿಕೆಯವರನ್ನೂ ನಂಬುತ್ತಿರಲಿಲ್ಲ. ಪ್ರತಿ ವಾರ ಅಚ್ಚಾದದ್ದನ್ನು ತಮ್ಮ ಪ್ರತಿಯ ಜೊತೆ ಸಾಲು ಸಾಲಾಗಿ ಹೋಲಿಸಿ, ಒಂದು ಪದ ಬದಲಾಗಿದ್ದರೆ ಸಂಜೆಯವರೆಗೂ ಯಾರೊಂದಿಗೂ ಮಾತಿಲ್ಲ.

ಬಸ್ಸಿನ ಸುಳ್ಳುಗಳು ಆ ಬರವಣಿಗೆಯ ಮೊದಲ ಕೆಲಸ. ಹುಟ್ಟಿಸಿದ ಸಂಗತಿಯನ್ನು ಯಾರಾದರೂ ಒಬ್ಬರು ನಿಜವೆಂದು ನಂಬುವ ತನಕ ಅವರು ಅದನ್ನು ಕಾಗದದ ಮೇಲೆ ಇಡುತ್ತಿರಲಿಲ್ಲ.

“ಮನೇಲಿ ಹೆಂಡತಿಗೆ ಹೇಳಿದ್ರೆ ಚೆನ್ನಾಗಿದೆ ಅಂತಾಳೆ. ಚೆನ್ನಾಗಿದೆ ಅನ್ನೋದು ನನಗೆ ಬೇಡ. ನಂಬಬೇಕು. ಬಸ್ಸಲ್ಲಿ ಹೇಳಿದಾಗ ಕೇಳಿದೋರು ‘ಹೌದಾ’ ಅಂದ್ರೆ ಫೇಲು. ‘ಎಲ್ಲಿ’ ಅಂದ್ರೆ, ‘ಯಾವ ದಾರಿ’ ಅಂದ್ರೆ ಪಾಸು.”

“ಅವರಿಗೆ ಮೋಸ ಅಲ್ವಾ ಸಾರ್?”

“ಇಳಿದು ಹೋಗ್ತಾರೆ, ಮರೀತಾರೆ. ಏನು ಮೋಸ?”

ಇಷ್ಟೆಲ್ಲ ತಿಳಿದ ಮೇಲೂ ನನಗೆ ಅವರ ಮೇಲಿನ ಅನುಮಾನ ಹೋಗಲಿಲ್ಲ. ಇನ್ನೊಂದು ಹೊಸದು ಸೇರಿಕೊಂಡಿತು. ನನ್ನ ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರುವ ರೀತಿ ನೋಡಿ, ಬಂದವರು ಯಾವ ಮನಸ್ಸಿನಲ್ಲಿ ಬಂದಿದ್ದಾರೆ ಎಂದು ಹೇಳುತ್ತಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ಇದನ್ನು ಹೇಳಿ ನಕ್ಕಿದ್ದೆ. ಮುಂದಿನ ತಿಂಗಳ ಧಾರಾವಾಹಿಯಲ್ಲಿ ಕೋಟೆಯ ಬಾಗಿಲು ಕಾಯುವ ರಾಕ್ಷಸಿ ಬಂದವರ ಪಾದರಕ್ಷೆ ಓದುತ್ತಿದ್ದಳು.

“ಸಾರ್, ಅದು ನಮ್ಮತ್ತೆ.”

“ನಿಮ್ಮತ್ತೆಗೆ ಕೋರೆಹಲ್ಲು ಇದೆಯಾ?”

“ಇಲ್ಲ.”

“ಹಾಗಾದ್ರೆ ಅಲ್ಲ.”

ನಗು ಬಂದರೂ ಆಮೇಲೆ ಮನೆಯ ಮಾತನ್ನು ಅವರೆದುರು ಅಳೆದು ಆಡುತ್ತಿದ್ದೆ. ಅವರು ಏನಾದರೂ ಕೇಳಿದರೆ, ಕೇಳುತ್ತಿರುವವರು ಸಹೋದ್ಯೋಗಿಯೋ, ಕಾದಂಬರಿಕಾರರೋ ಎಂದು ತಿಳಿಯುತ್ತಿರಲಿಲ್ಲ. ನನ್ನ ಸೋದರಮಾವ ತೀರಿಕೊಂಡು ನಾನು ರಜೆ ಮುಗಿಸಿ ಬಂದಾಗ ಬಹಳ ಹೊತ್ತು ವಿಚಾರಿಸಿದರು. ಅವರು ಹೇಗಿದ್ದರು, ನನ್ನನ್ನು ಏನೆಂದು ಕರೆಯುತ್ತಿದ್ದರು ಎಂದೆಲ್ಲ ಕೇಳಿದರು. ನಾನು ಮಾತು ತಿರುಗಿಸಲು, ನಿಮ್ಮ ಸೋದರಮಾವಂದಿರು ಎಲ್ಲಿದ್ದಾರೆ ಸಾರ್ ಅಂದೆ. “ನಮ್ಮಮ್ಮ ಒಬ್ಬಳೇ ಮಗಳು. ಸೋದರಮಾವ ಅನ್ನೋರು ನನಗಿಲ್ಲ,” ಅಂದರು.

ಸರ್ಕಾರ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಮೇಲೆ ಬೆಳಗಿನ ಬಸ್ಸು ಗುಂಡ್ಲುಪೇಟೆಯಲ್ಲೇ ತುಂಬಿಬಿಡುತ್ತಿತ್ತು. ಅವರಿಗೆ ಸೀಟು ಸಿಗುವುದು ಕಷ್ಟವಾಯಿತು. ಕಂಬಿ ಹಿಡಿದು ನಿಂತೇ ಪರೀಕ್ಷೆ ನಡೆಸತೊಡಗಿದರು. ಹಾಗೆ ನಿಂತಿದ್ದ ಒಂದು ದಿನ, ತೆರಕಣಾಂಬಿಯಲ್ಲಿ ಹತ್ತಿ ಹೇಗೋ ಸೀಟು ಹಿಡಿದಿದ್ದ ಒಬ್ಬ ಹೆಂಗಸು, “ಬ್ಯಾಗ್ ಕೊಡಿ ಸಾ, ನಾ ಇಟ್ಕತೀನಿ” ಎಂದು ಅವರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಕೆಯ ಹೆಸರು ಪುಟ್ಟಮ್ಮ ಎಂದು ಆಮೇಲೆ ತಿಳಿಯಿತು. ತೆರಕಣಾಂಬಿಯ ಬಸ್ ನಿಲ್ದಾಣದ ಹತ್ತಿರ ಸಂಜೆ ಹೊತ್ತು ಬೋಂಡ ಬಜ್ಜಿ ಹಾಕುವ ಗೂಡಂಗಡಿ ಆಕೆಯದು. ನಾನು ಮುಂದೆ ಎರಡು ಸೀಟಿನಾಚೆ ಇದ್ದೆ. ಬಸ್ಸಿನ ಗದ್ದಲದಲ್ಲಿ ಅವರ ಮಾತು ತುಂಡು ತುಂಡಾಗಿ ಕೇಳಿಸಿತು. ಗೋಪಾಲಸ್ವಾಮಿ ಬೆಟ್ಟದ ಹಿಂದೆ, ಮಂಜು ಎಂದೂ ಸರಿಯದ ಒಂದು ಇಳಿಜಾರು. ಅಲ್ಲೊಂದು ಊರು. ಮನೆ ಬಿಟ್ಟು ಹೋದವರೆಲ್ಲ ಕೊನೆಗೆ ಅಲ್ಲಿಗೆ ಸೇರುತ್ತಾರೆ. ಯಾರೂ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಕೆಲಸ ಕೊಡುತ್ತಾರೆ, ಊಟ ಕೊಡುತ್ತಾರೆ. “ನಮ್ಮ ಸೋದರಮಾವ ಅಲ್ಲೇ ಇದಾರೆ. ನಾನು ನೋಡ್ಕೊಂಡು ಬಂದಿದೀನಿ.”

ಪುಟ್ಟಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು. “ಯಾವ್ ದಾರೀಲಿ ಓಗ್ಬೇಕು ಸಾ?”

ಚಾಮರಾಜನಗರದಲ್ಲಿ ಇಳಿದಾಗ ಅವರು ಹುರುಪಿನಲ್ಲಿದ್ದರು. ಅವತ್ತು ರೆಕಾರ್ಡ್ ರೂಮಿನಿಂದ ಊಟದ ಹೊತ್ತು ಮುಗಿದ ಮೇಲೂ ಹೊರಗೆ ಬರಲಿಲ್ಲ.

ಒಂದು ತಿಂಗಳಾಗಿರಬಹುದು. ಮಧ್ಯಾಹ್ನ ಪುಟ್ಟಮ್ಮ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಹೆಸರು ಗೊತ್ತಿಲ್ಲದೆ, ದಪ್ಪ ಕನ್ನಡಕದ ಸಾರು ಎಲ್ಲಿ ಎಂದು ಕಚೇರಿಯಿಂದ ಕಚೇರಿಗೆ ಕೇಳಿಕೊಂಡು ಬಂದಿದ್ದಳು. ಮೊಣಕೈ ಮೇಲೆ ಮುಳ್ಳು ಗೀರಿದ ಗಾಯ ಒಣಗಿತ್ತು. ಅವರನ್ನು ನೋಡಿದ ಕೂಡಲೇ ಒಳಗೆ ಬಂದಳು.

“ಸಾ, ಬೆಟ್ಟುಕ್ಕೋಗಿದ್ದೆ. ದೇವಸ್ಥಾನದ ಹಿಂದ್ಗಡಿಂದ ಇಳಿಯಕ್ಕೋದ್ರೆ ಫಾರೆಸ್ಟ್ನೋರು ಹಿಡ್ಕಬುಟ್ರು. ಆನೆ ಅವೆ, ಸಾಯಕ್ಕೆ ಬಂದಿದ್ಯಾ ಅಂದ್ರು. ಅಲ್ಲಿ ಊರೇ ಇಲ್ಲ ಅಂತಾರೆ. ನೀವು ಓಗಿದ್ದ ದಾರಿ ಯಾವ್ದು, ಸರಿಯಾಗಿ ಯೋಳಿ ಸಾ. ನನ್ ತಂಗಿ ಅವ್ಳೆ ಅಲ್ಲಿ.”

ಇಡೀ ಸೆಕ್ಷನ್ ಕೆಲಸ ನಿಲ್ಲಿಸಿ ನೋಡುತ್ತಿತ್ತು. ಅವರು ಮುಂದಿದ್ದ ಫೈಲನ್ನು ಮುಚ್ಚಿದರು.

“ನೀವು ಬೇರೆ ಯಾರನ್ನೋ ನೋಡಿರಬೇಕಮ್ಮ. ನಾನು ನಿಮಗೆ ಏನೂ ಹೇಳಿಲ್ಲ.”

ಪುಟ್ಟಮ್ಮ ಅವರನ್ನೇ ನೋಡಿದಳು. ಆಮೇಲೆ ಸುತ್ತಲೂ ಕಣ್ಣು ಹಾಯಿಸಿ ನನ್ನ ಹತ್ತಿರ ನಿಲ್ಲಿಸಿದಳು. “ನೀವೂ ಅದೇ ಬಸ್ಸಲ್ಲಿದ್ರಿ ಅಲ್ವರಾ ಮೇಡಮ್ಮೋರೆ?”

“ಇದ್ದೆ,” ಅಂದೆ. “ಇವರೇ ಹೇಳಿದ್ದು.”

ಅವರು ಎದ್ದು ಹೊರಗೆ ಹೋದರು. ಅವತ್ತು ಮತ್ತೆ ಮೇಜಿಗೆ ಬರಲಿಲ್ಲ. ಪುಟ್ಟಮ್ಮನನ್ನು ಕೂರಿಸಿ ನೀರು ಕೊಟ್ಟು ಕೇಳಿದೆ. ಅಪ್ಪ ಅಮ್ಮ ಹೋದ ಮೇಲೆ ತಂಗಿ ರತ್ನಳನ್ನು ಸಾಕಿದವಳು ಆಕೆಯೇ. ಗುಂಡ್ಲುಪೇಟೆಯಲ್ಲಿ ಹೆಂಡತಿ ಸತ್ತ ಒಬ್ಬರಿಗೆ ಕೊಟ್ಟು ಮದುವೆ ಮಾಡಲು ಮಾತಾಗಿತ್ತು. ರತ್ನಳಿಗೆ ಮನಸ್ಸಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವಳಿಲ್ಲ. ಸ್ಟೇಷನ್ನಿಗೆ ಬರೆದುಕೊಟ್ಟು, ನೆಂಟರ ಮನೆಗಳನ್ನೆಲ್ಲ ಅಲೆದು, ಕೇರಳದ ಶುಂಠಿ ಹೊಲಗಳಿಗೆ ಹೋಗಿಬರುವವರನ್ನೆಲ್ಲ ಕೇಳಿ ಸೋತಿದ್ದಳು. ಅದೆಲ್ಲ ಕತೆ ಕಣಮ್ಮ, ಇವರು ಕತೆ ಬರೆಯುವವರು ಎಂದು ನಾನು ಹೇಳಿದೆ. ಪುಟ್ಟಮ್ಮ ನೀರಿನ ಲೋಟ ಕೆಳಗಿಟ್ಟು, “ನಿಮಗೆ ಇಂಗೆ ಯೋಳಿ ಅಂತ ಅವ್ರೇ ಯೋಳ್ಕೊಟ್ಟವ್ರಾ?” ಅಂದಳು.

ಕೆಲವು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಹಿಂದಿನ ಬಾಗಿಲ ಹತ್ತಿರ, ಎಲ್ಲರಿಗೂ ಬೆನ್ನು ಮಾಡಿ ನಿಲ್ಲುತ್ತಿದ್ದರು. ಕತೆ ಬರೆಯುವವರು ಎಂಬ ಸಂಗತಿ ಕಚೇರಿಯಲ್ಲೆಲ್ಲ ಹರಡಿತ್ತು. ಒಬ್ಬಿಬ್ಬರು ಹಿಂದಿನಿಂದ ‘ಮಂಜಿನೂರು’ ಎಂದು ಕರೆಯತೊಡಗಿದರು. ಇದರಿಂದ ಹೇಗೆ ನುಣುಚಿಕೊಳ್ಳುವುದೆಂದು ಅವರು ಯೋಚಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಒಂದು ಸಂಜೆ ಕಚೇರಿ ಬಿಡುವ ಹೊತ್ತಿಗೆ ನನ್ನ ಮೇಜಿನ ಹತ್ತಿರ ನಿಂತರು. “ಮೇಡಂ, ಇವತ್ತು ತೆರಕಣಾಂಬಿಯಲ್ಲಿ ಇಳಿಯೋಣ. ನೀವೂ ಬರಬೇಕು. ನಾನೊಬ್ಬನೇ ಹೇಳಿದ್ರೆ ಆಯಮ್ಮ ನಂಬಲ್ಲ.”

“ನಾನು ಹೇಳಿದರೂ ನಂಬಿಲ್ಲ ಸಾರ್.”

“ಆದ್ರೂ ಬನ್ನಿ.”

ಪುಟ್ಟಮ್ಮನ ಗೂಡಂಗಡಿಯಲ್ಲಿ ಎಣ್ಣೆ ಕಾಯುತ್ತಿತ್ತು. ನಮ್ಮನ್ನು ನೋಡಿ ಉರಿ ತಗ್ಗಿಸಿದಳು, ಬೆಂಚಿನ ಮೇಲೆ ಒಂದು ಚೀಲ ಹಾಸಿದಳು. ಅವರು ಕೂರಲಿಲ್ಲ. ನಿಂತುಕೊಂಡೇ ಹೇಳಿದರು.

“ಅಮ್ಮ, ಅವತ್ತು ನಾನು ಹೇಳಿದ್ದು ಸುಳ್ಳು. ಅಂಥ ಊರಿಲ್ಲ.”

“ಇವತ್ತು ಯೋಳ್ತಿರದು ಸುಳ್ಳು ಸಾ,” ಅಂದಳು ಪುಟ್ಟಮ್ಮ. “ಅವತ್ತು ನಿಮ್ ಮಕ ನೋಡ್ದೆ. ಸುಳ್ಳು ಯೋಳೋರ ಮಕ ಅಂಗಿರಕಿಲ್ಲ. ಫಾರೆಸ್ಟ್ನೋರು ನಿಮಗೇನಾರ ಅಂದ್ರಾ?”

ಆಗ ಅವರು ಆ ಊರನ್ನು ಬಿಚ್ಚತೊಡಗಿದರು. ಮಂಜು ಎಲ್ಲಿಂದ ಬಂತು ಎಂದರೆ, ಮದುವೆಯಾದ ಹೊಸದರಲ್ಲಿ ಹೆಂಡತಿಯ ಜೊತೆ ಬೆಟ್ಟಕ್ಕೆ ಹೋದಾಗ ಪಕ್ಕದಲ್ಲಿದ್ದ ಆಕೆ ಒಂದು ಗಳಿಗೆ ಕಾಣದೇ ಹೋದದ್ದರಿಂದ. ಹೆಸರು ಕೇಳದ ಜನ ಎಲ್ಲಿಂದ ಬಂದರು ಎಂದರೆ, ಕಚೇರಿಯಲ್ಲಿ ದಿನಕ್ಕೆ ನೂರು ಸಲ ಹೆಸರು, ತಂದೆಯ ಹೆಸರು, ಊರು ಎಂದು ಕೇಳಿ ಕೇಳಿ ತಮಗೆ ಬೇಸರವಾದದ್ದರಿಂದ. ಇಳಿಜಾರಿನ ಮನೆಗಳು ಊಟಿಗೆ ಹೋದಾಗ ಕಂಡವು. ಕೆಲಸ ಕೊಡುವ ಮುದುಕಿ ತಮ್ಮ ಅಜ್ಜಿ. ಒಂದೊಂದನ್ನೂ ಎತ್ತಿ, ಇದು ಇಲ್ಲಿಂದ, ಇದು ಅಲ್ಲಿಂದ ಎಂದು ಆಕೆಯ ಮುಂದೆ ಇಟ್ಟರು. ಇಷ್ಟು ವರ್ಷ ನಾನು ಕೇಳಿದರೂ ಹೇಳದಿದ್ದ ಮಾತುಗಳು. ರೆಕಾರ್ಡ್ ರೂಮಿನ ಹಾಳೆಗಳನ್ನು ಮುಚ್ಚಿಡುತ್ತಿದ್ದ ಮನುಷ್ಯ ಬಸ್ ನಿಲ್ದಾಣದ ಪಕ್ಕ ನಿಂತು ಎಲ್ಲವನ್ನೂ ಹೊರಗೆ ಹಾಕುತ್ತಿದ್ದರು. ಪುಟ್ಟಮ್ಮ ಕೇಳಿಸಿಕೊಂಡಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು.

“ನಿಮ್ ಸೋದರಮಾವ? ಅವ್ರನ್ನ ನೋಡ್ಕ ಬಂದೆ ಅಂದ್ರಲ್ಲ ಸಾ. ಅವ್ರೆಲ್ಲವ್ರೆ?”

ಅವರು ಡಬ್ಬಿಯ ಚೀಲವನ್ನು ಕೆಳಗಿಟ್ಟರು. ಆಮೇಲೆ ಬೆಂಚಿನ ತುದಿಯಲ್ಲಿ ಕೂತರು.

“ಸತ್ತು ಹೋದರಮ್ಮ. ಮನೆ ಬಿಟ್ಟು ಹೋಗಿದ್ದು ನಿಜ. ಹೆಣ ಸಿಕ್ಕಿದ್ದು ನಂಜನಗೂಡಿನ ಹೊಳೆ ದಂಡೇಲಿ. ನಾನೇ ಗುರುತು ಹಿಡಿದೆ. ಅಂಗಿಯ ಮೇಲಿನ ಗುಂಡಿ ಇರಲಿಲ್ಲ. ಅಲ್ಲಿ ನಮ್ಮಮ್ಮ ಹಾಕಿಕೊಟ್ಟಿದ್ದ ಪಿನ್ನು ಇತ್ತು, ತುಕ್ಕು ಹಿಡಿದಿತ್ತು. ಮನೆ ಬಿಟ್ಟೋರು ಯಾವ ಮಂಜಿನ ಊರಿಗೂ ಹೋಗಲ್ಲ. ಬಸ್ ಸ್ಟ್ಯಾಂಡಿಗೆ ಹೋಗ್ತಾರೆ. ಗೊತ್ತಿರೋರು ಯಾರಾದ್ರೂ ಇದ್ರೆ ಅವರ ಮನೆ ಬಾಗಿಲು ತಟ್ತಾರೆ. ಯಾರೂ ಇಲ್ಲ ಅಂದ್ರೆ ನಮ್ಮ ಮಾವನ ಹಾಗಾಗುತ್ತೆ. ನಿಮ್ಮ ತಂಗಿಗೆ ಯಾರು ಗೊತ್ತಿದ್ರು ಅಂತ ಯೋಚನೆ ಮಾಡಿ.”

ಪುಟ್ಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಂಬಿದಳು ಎಂದು ನನಗೆ ಗೊತ್ತಾಯಿತು. ನನಗೆ ನಂಬಿಕೆ ಬರಲಿಲ್ಲ. ತಾಯಿ ಒಬ್ಬಳೇ ಮಗಳು ಎಂದಿದ್ದರು ನನ್ನ ಹತ್ತಿರ. ಇಲ್ಲದ ಮಾವನಿಗೆ ಹೊಳೆ ದಂಡೆ, ಗುಂಡಿ ಹೋದ ಅಂಗಿ, ತುಕ್ಕು ಹಿಡಿದ ಪಿನ್ನು. ಆ ಪಿನ್ನು ಬರೆಯುವವರ ಕೈಯಿಂದ ಬಂದದ್ದೇ ಅನ್ನಿಸಿತು. ಒಂದು ಸುಳ್ಳನ್ನು ಕೀಳಲು ಇನ್ನೊಂದನ್ನು ನೆಡುತ್ತಿದ್ದಾರೋ, ಈ ಹೆಂಗಸಿನ ಮೇಲೆ ಹೊಸದೊಂದು ಪರೀಕ್ಷೆ ಮಾಡುತ್ತಿದ್ದಾರೋ ಎಂದು ಅವರ ಮುಖವನ್ನೇ ನೋಡಿದೆ. ಅವರು ಕಾದ ಎಣ್ಣೆಯನ್ನು ನೋಡುತ್ತಿದ್ದರು.

“ನಸೀಮಾ ಅಂತ ಒಬ್ಳು ಅವ್ಳೆ ಚಾಮರಾಜನಗರದಲ್ಲಿ,” ಅಂದಳು ಪುಟ್ಟಮ್ಮ ಕೊನೆಗೆ. “ಅವ್ಳತ್ರ ಹೊಲಿಗೆ ಕಲ್ತ್ಕತಿದ್ಲು. ಅವ್ಳೇ ತಲೆ ಕೆಡಿಸಿದ್ದು ಅಂತ ನಾನು ಅವ್ರ್ ಮನೆ ಬಾಗ್ಲಲ್ಲಿ ನಿಂತ್ಕಂಡು ಬೈದಿದ್ದೆ. ಎಲ್ಲಾ ಕಡೆ ಕೇಳ್ದೆ ಸಾ. ಅಲ್ಲೊಂದ್ಕಡೆ ಓಗ್ನಿಲ್ಲ.”

ತಿರುಗಿ ಬಸ್ಸಿನಲ್ಲಿ ಬರುವಾಗ ಕೇಳಿಯೇಬಿಟ್ಟೆ. “ಸಾರ್, ನಿಮಗೆ ಸೋದರಮಾವ ಇಲ್ಲ ಅಂದಿದ್ರಿ.”

“ಹೌದು, ಅಂದಿದ್ದೆ.”

“ಇವತ್ತು ಸತ್ತರು ಅಂದ್ರಿ.”

“ಅದೂ ಅಂದೆ,” ಎಂದು ಕಿಟಕಿಯ ಕಡೆ ತಿರುಗಿದರು.

ಆ ಭಾನುವಾರ ಪುಟ್ಟಮ್ಮ ನನ್ನನ್ನೂ ಕರೆದುಕೊಂಡು ನಸೀಮಾಳ ಮನೆಗೆ ಹೋದಳು. ರೇಷ್ಮೆ ಮಾರುಕಟ್ಟೆಯ ಕಡೆಯ ಗಲ್ಲಿಯಲ್ಲಿ ಮುಂಬಾಗಿಲ ಕೋಣೆಯೇ ಹೊಲಿಗೆಯ ಅಂಗಡಿ. ನಸೀಮಾ ಮೆಷಿನ್ನಿನಿಂದ ಎದ್ದಳು, ಒಳಗೆ ಕರೆಯಲೋ ಬೇಡವೋ ಎಂದು ನಿಂತಳು. ಪುಟ್ಟಮ್ಮ ಹೊಸ್ತಿಲಿನ ಆಚೆಯೇ ಉಳಿದಳು. ನಾನೇ ಕೇಳಬೇಕಾಯಿತು.

ನಸೀಮಾ ನನ್ನ ಕಡೆ ನೋಡದೆ ಪುಟ್ಟಮ್ಮನಿಗೇ ಹೇಳಿದಳು. “ಅಕ್ಕ ತಾನಾಗೇ ಬಂದು ಕೇಳಿದ್ರೆ ಹೇಳು, ಬೇರೆ ಯಾರು ಕೇಳಿದ್ರೂ ಹೇಳಬೇಡ ಅಂದಿದ್ಲು ರತ್ನ. ನಿಮ್ಮ ದಾರಿ ನೋಡ್ತಾ ಇದ್ದೆ ಅಕ್ಕ. ನೀವು ಬರಲೇ ಇಲ್ಲ.”

ರತ್ನ ಮೈಸೂರಿನಲ್ಲಿ ಒಂದು ಬಟ್ಟೆ ಅಂಗಡಿಗೆ ಹೊಲಿದುಕೊಡುತ್ತ, ಇನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಬಾಡಿಗೆ ಕೋಣೆಯಲ್ಲಿದ್ದಳು. ನಸೀಮಾ ತನ್ನ ಫೋನಿನಿಂದಲೇ ಕರೆ ಮಾಡಿಕೊಟ್ಟಳು. ಅಕ್ಕತಂಗಿಯರು ಮೊದಲು ಅತ್ತರು, ಆಮೇಲೆ ಜಗಳವಾಡಿದರು. ಊರಿಗೆ ಬರುವುದಿಲ್ಲ, ಬೇಕಾದರೆ ನೀನು ಬಾ ಎಂದಳಂತೆ ರತ್ನ. ಪುಟ್ಟಮ್ಮ ಹೋದಳು. ಈಗಲೂ ಹೋಗಿಬರುತ್ತಾಳೆ. ರತ್ನ ತೆರಕಣಾಂಬಿಗೆ ಕಾಲಿಟ್ಟಿಲ್ಲ.

ಈ ಸುದ್ದಿಯನ್ನು ನಾನು ಹೇಳಿದಾಗ ಅವರು ತಲೆಯಾಡಿಸಿದರು, ಅಷ್ಟೆ. ನನಗೆ ಇನ್ನೊಂದು ಕಾತರ ಹತ್ತಿತು. ಪ್ರತಿ ವಾರ ಪತ್ರಿಕೆ ತರಿಸಿ, ಎಲ್ಲಿ ಬೋಂಡ ಕರಿಯುವ ಒಬ್ಬ ಹೆಂಗಸು ಬರುತ್ತಾಳೋ, ಎಲ್ಲಿ ಹೊಳೆ ದಂಡೆಯ ಹೆಣ ಬರುತ್ತದೋ ಎಂದು ಹುಡುಕುತ್ತಿದ್ದೆ. ಬಂದಿದ್ದರೆ ಅವರ ಮುಖಕ್ಕೇ ಎಸೆಯುವವಳಿದ್ದೆ. ಬರಲಿಲ್ಲ. ಸ್ವಲ್ಪ ದಿನಕ್ಕೆ ಧಾರಾವಾಹಿಯೇ ನಿಂತುಹೋಯಿತು. ತವರಿನ ದಾರಿ ಹುಡುಕಿ ಹೊರಟಿದ್ದ ಹೆಣ್ಣು ಯಾವುದೋ ಕಣಿವೆಯಲ್ಲಿ ನಿಂತಲ್ಲೇ ನಿಂತಳು. ಅವರು ಬಸ್ಸಿನಲ್ಲಿ ಯಾರೊಂದಿಗೂ ಮಾತಾಡದಾದರು. ಡಬ್ಬಿಯನ್ನು ಎಲ್ಲರ ಹಾಗೆ ಊಟದ ಹೊತ್ತಿಗೇ ಬಿಚ್ಚಿ, ನಮ್ಮ ಜೊತೆಯೇ ಕೂತು ಉಣ್ಣುತ್ತಿದ್ದರು. ನಾನೇ ಒಂದು ದಿನ, ಬಸ್ಸಲ್ಲಿ ಬೇಡ, ನನಗೆ ಹೇಳಿ ನೋಡಿ ಸಾರ್ ಅಂದೆ. “ನೀವು ನಂಬಲ್ಲ ಮೇಡಂ. ನೀವು ಯಾವತ್ತೂ ನಂಬಿಲ್ಲ,” ಎಂದು ನಕ್ಕರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಒಂದು ಕಾದಂಬರಿ ಬರೆದರು, ಪುಸ್ತಕವಾಗಿ ಬಂತು. ಅದು ಚೆನ್ನಾಗಿರಲಿಲ್ಲ. ಅದರಲ್ಲಿ ಹಾರುವ ಕುದುರೆಗಳೂ ಮಾತಾಡುವ ಕತ್ತಿಗಳೂ ಇದ್ದವು, ಯಾವ ಊರಿಗೂ ದಾರಿ ಕೇಳಬೇಕು ಅನ್ನಿಸಲಿಲ್ಲ.

ಕಳೆದ ಬೇಸಿಗೆಯ ಕೊನೆಯಲ್ಲಿ ತೀರಿಕೊಂಡರು. ಎರಡು ದಿನದ ಜ್ವರ, ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮುಗಿದಿತ್ತು. ನಾನು ಮಣ್ಣಿಗೆ ಹೋಗಿಬಂದಿದ್ದೆ. ಪುಟ್ಟಮ್ಮನಿಗೆ ಸುದ್ದಿ ತಿಳಿದದ್ದು ತಡವಾಗಿ. ನನಗೆ ಫೋನ್ ಮಾಡಿ, ಮನೆ ತೋರಿಸಿ ಮೇಡಮ್ಮೋರೆ, ಅವ್ರ್ ಮನೆಯೋರ್ನ ಮಾತಾಡಿಸ್ಬೇಕು ಅಂದಳು. ಮಹಾಲಯ ಅಮಾವಾಸ್ಯೆಗೆ ಸ್ವಲ್ಪ ದಿನ ಇತ್ತು. ಗುಂಡ್ಲುಪೇಟೆಯ ಅವರ ಮನೆಗೆ ಇಬ್ಬರೂ ಹೋದೆವು. ಅವರ ಹೆಂಡತಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಪುಟ್ಟಮ್ಮ ಅವರ ಪಕ್ಕ ಕೂತು, ತಾನು ಯಾರು, ಸಾರಿನಿಂದ ತನ್ನ ತಂಗಿ ಹೇಗೆ ಸಿಕ್ಕಿದಳು ಎಂದು ಹೇಳಿದಳು. ಬೆಟ್ಟ ಇಳಿಯಲು ಹೋದದ್ದನ್ನು ಹೇಳಲಿಲ್ಲ.

“ಅವ್ರ್ ಸೋದರಮಾವ ಹೊಳೆ ದಂಡೇಲಿ ಸಿಕ್ಕಿದ್ದು ಯೋಳಿದ್ರು ಕಣವ್ವ. ಅದನ್ನ ಕೇಳುದ್ಮೇಲೆ ನಂಗೆ ಬುದ್ಧಿ ಬಂತು.”

ಹೆಂಡತಿಯ ಕೈ ಮೊರದ ಮೇಲೆ ನಿಂತಿತು. “ಯಾವ ಹೊಳೆ? ಅವರು ಸಿಗಲೇ ಇಲ್ಲವಲ್ಲ. ಇವರು ಹೈಸ್ಕೂಲಲ್ಲಿದ್ದಾಗ ಮನೆ ಬಿಟ್ಟು ಹೋದೋರಂತೆ.”

ನನಗೆ ತಡೆಯಲಾಗಲಿಲ್ಲ. “ಅದನ್ನ ನಿಮಗೆ ಯಾರು ಹೇಳಿದ್ದು? ನಿಮ್ಮ ಅತ್ತೆಯವರಾ?”

“ಅತ್ತೆ ನಾನು ಈ ಮನೆಗೆ ಬರೋಕೆ ಮುಂಚೇನೇ ಹೋಗಿದ್ರು. ಇವರೇ ಹೇಳಿದ್ದು.”

ಅವರೇ ಹೇಳಿದ್ದು. ಅಲ್ಲಿಗೆ ನನ್ನ ಅನುಮಾನ ಎಲ್ಲಿತ್ತೋ ಅಲ್ಲೇ ಉಳಿಯಿತು. ಸುಳ್ಳು ಹೇಳಿದ್ದು ನನಗೋ, ಪುಟ್ಟಮ್ಮನಿಗೋ, ಹೆಂಡತಿಗೋ, ಕೇಳಲು ಮನುಷ್ಯ ಇರಲಿಲ್ಲ.

ಆಕೆ ಮತ್ತೆ ಅಕ್ಕಿ ಆರಿಸುತ್ತ ಹೇಳಿದರು. “ಮದುವೆ ಆದಾಗಿಂದ ನೋಡ್ತಾ ಬಂದಿದೀನಿ. ಹಿರಿಯರ ಹಬ್ಬಕ್ಕೆ ಅಪ್ಪ ಅಮ್ಮಂಗೆ ಎಡೆ ಇಡೋರು. ಸೋದರಮಾವನಿಗೆ ಇಡಕ್ಕೆ ಬಿಡ್ತಿರಲಿಲ್ಲ. ಎಲ್ಲೋ ಬದುಕಿದಾರೆ, ಬದುಕಿರೋರಿಗೆ ಎಡೆ ಇಡ್ತಾರಾ ಅಂತಿದ್ರು. ಆಮೇಲೆ ಪತ್ರಿಕೆಗೆ ಬರೆಯೋದು ನಿಲ್ಲಿಸಿದರಲ್ಲ, ಆ ವರ್ಷ ಅವರೇ ಇನ್ನೊಂದು ಎಲೆ ಹಾಕಿದರು. ಮಾವನಿಗೂ ಇಡು ಅಂದರು. ಯಾಕೆ ಅಂತ ಕೇಳಿದೆ, ಹೇಳಲಿಲ್ಲ. ಅಲ್ಲಿಂದ ಪ್ರತಿ ವರ್ಷ ಇಟ್ಟಿದ್ದೀವಿ.”

ಪುಟ್ಟಮ್ಮ ನನ್ನ ಕಡೆ ನೋಡಿದಳು. ನಾನು ಅಂಗಳ ನೋಡಿದೆ.

“ಮೇಡಂ, ನೀವು ಅಷ್ಟು ವರ್ಷ ಜೊತೇಲಿ ಕೆಲಸ ಮಾಡಿದೋರು. ನಿಮಗಾದ್ರೂ ಗೊತ್ತಿರಬೇಕು,” ಎಂದರು ಹೆಂಡತಿ. “ಮಾವ ಸತ್ತಿದ್ದು ನಿಜವಾ? ಈ ಸಲ ಇವರಿಗೇ ಎಡೆ ಇಡೋ ಹಾಗಾಯ್ತು. ಅವರಿಗೂ ಇಡಲಾ, ಬೇಡವಾ?”

ಮಾವ ಎಂಬ ಒಬ್ಬರು ಇದ್ದರೋ ಎಂಬುದೇ ನನಗೆ ಗೊತ್ತಿರಲಿಲ್ಲ.

ಪುಟ್ಟಮ್ಮ ಮೊರವನ್ನು ತನ್ನ ಕಡೆ ಎಳೆದುಕೊಂಡು ಅಕ್ಕಿಯಲ್ಲಿ ಕೈಯಾಡಿಸಿದಳು. ಒಂದು ಕಲ್ಲು ಸಿಕ್ಕಿತು, ತೆಗೆದು ಅಂಗಳಕ್ಕೆ ಎಸೆದಳು.

“ಬ್ಯಾಡ ಬುಡವ್ವ,” ಅಂದಳು. “ಆ ಮಾವ ಸತ್ತಿಲ್ಲ. ನಂಗೋಸ್ಕರ ಸಾಯಿಸಿದ್ರು, ಅಷ್ಟೆ.”